ಪರಾಗದ ಪುಡಿ ಮತ್ತು ನನ್ನ ಫಜೀತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ರೈತರಿಗೆ ಸಲಹಾ ಕೊಡೋದು ನನ್ನ ಕೆಲಸ. ಗಂಡು ಹೂವಿನ ಪರಾಗ ಎಷ್ಟೊತ್ತು ಜೀವಂತ ಇರ್ತೈತಿ ಅನ್ನೋದನ್ನ ಹೇಳಿ ಹೇಳಿ ನನ್ನ ಗಂಟಲಾ ಒಣಗೈತಿ. ಹೇಳಿದ ಮ್ಯಾಲ ಆಗೋದ ಬ್ಯಾರೆ.

ಜಳಕ

ಮುದ್ದೇಬಿಹಾಳದ ಹಂತೇಕ ಹತ್ತಿ ಬೀಜದ ಹೊಲ. "ಗಂಡು ಹೂವು ಮುಂಜಾನೆ ಹರದು ಹೆಣ್ಣು ಹೂವಿಗೆ ತಿಕ್ರಿ, ಬಿಸಲೇರಿದ್ರ ಪರಾಗ ಸಾಯ್ತೈತಿ" ಅಂತ ಹೊಲದ ಅಕ್ಕಾರಿಗೆ ಹೇಳಿ ಬಂದಿದ್ದೆ. ಮರುದಿನ ಹೋಗಿ ನೋಡ್ತೇನಿ, ಬುಟ್ಟಿ ತುಂಬ ಹೂವು, ಮ್ಯಾಲ ಹಸಿ ಅರಿವಿ, ನೀರು ಚಿಮುಕಿಸ್ಯಾರ!

"ಇದೇನ್ರೀ ಅಕ್ಕಾರ?"

"ಬಾಡಬಾರದಲ್ರೀ. ಮಲ್ಲಿಗಿಗೂ ಹಿಂಗ ಮಾಡ್ತೇವಿ."

"ಪರಾಗಕ್ಕ ನೀರು ತಾಗಿದ್ರ ಒಡದು ಸಾಯ್ತೈತ್ರಿ!"

ಅಕ್ಕಾರು ಗಲ್ಲದ ಮ್ಯಾಲ ಕೈ ಇಟ್ಕೊಂಡ್ರು. "ಅಯ್ಯ ಶಿವನ, ಇದೂ ನಮ್ಮ ಮನಿಯವರಂಗ ಜಳಕಕ್ಕ ಅಂಜತೈತಲ್ರೀ!"

ಕೌದಿ

ಹೊರ್ತಿ ಕಡೆ ಒಬ್ಬ ಗೌಡ್ರು ಖರ್ಜೂರ ಹಚ್ಚ್ಯಾರ. ಗಂಡು ಗಿಡ ಒಂದ. ಅದರ ಪರಾಗ ಒಣಗಿಸಿ, ಬಿಗಿ ಮುಚ್ಚಿ, ಫ್ರಿಜ್ಜಿನಾಗ ಇಟ್ರ ಬರೂ ವರ್ಷದ ತನಕ ಜೀವ ಹಿಡೀತೈತಿ ಅಂತ ಹೇಳಿದ್ದೆ. ಒಂದಿನ ಹೋದಾಗ ಕರೆಂಟ್ ಇರಲಿಲ್ಲ. ಫ್ರಿಜ್ಜಿಗೆ ಎರಡು ಕೌದಿ ಹೊಚ್ಚಿತ್ತು.

"ಒಳಗಿನ ಥಂಡಿ ಹೊರಗ ಹೋಗಬಾರದ್ರಿ" ಅಂದ್ರು ಗೌಡ್ರು, ಶಾಣ್ಯಾನಂಗ.

ಅಡಗಿ ಮನಿಯಿಂದ ಗೌಡ್ತಿ ಧ್ವನಿ ಬಂತು: "ನನಗ ಜ್ವರ ಬಂದಾಗ ಒಂದು ಕೌದಿ ಹೊಚ್ಚಲಿಲ್ಲ ಈ ಮನಷ್ಯಾ!"

ಭಂಡಾರ

ಈ ವರ್ಷ ಹೆಣ್ಣು ಗಿಡ ಮೊದಲ ಹೂ ಬಿಟ್ವು, ಗಂಡು ಗಿಡದಾಗ ಸುಳಿವಿಲ್ಲ. ಆ ಡಬ್ಬಿಯಾಗಿನ ಪುಡಿ ಒಂದ ಗತಿ. ಅದು ಹೋದ್ರ ವರ್ಷದ ಪೀಕ ಹೋತು. ಗೌಡ್ರು ಡಬ್ಬಿ ತಂದು ಗಿಡದ ಬುಡಕ ಮುಚ್ಚಳ ತಗದಿಟ್ರು. ಹ್ವಾದ ವರ್ಷದಂಗ ನಾನ ಹತ್ತಿ ಪರಾಗ ಹಚ್ಚಾಂವ ಇದ್ದೆ, ನಾವಿಬ್ರೂ ಏಣಿ ತರಾಕ ಹೋದ್ವಿ.

ಗೌಡ್ರ ಅತ್ತಿ, ಅಂದ್ರ ಗೌಡ್ತಿ ಅವ್ವ, ಮಗಳ ಮನಿಗೆ ಬಂದಿದ್ರು. ಬೀರಪ್ಪನ ದೊಡ್ಡ ಭಕ್ತರು, ಕಣ್ಣು ಮಂದ. ತಿಳಿ ಹಳದಿ ಪುಡಿ ಕಂಡದ್ದ ತಡ, ದೇವರಿಗೆ ತೂರೂ ಅರಿಶಿಣದ ಭಂಡಾರ ಅಂತ ಕಣ್ಣಿಗೊತ್ತಿಕೊಂಡು, "ಚಾಂಗಭಲೋ!" ಅಂತ ಬೊಗಸಿ ಬೊಗಸಿ ಗಿಡಕ್ಕ ತೂರಿ ಡಬ್ಬಿ ಖಾಲಿ ಮಾಡಿಬಿಟ್ರು. ಗಾಳಿಗೆ ತೋಟೆಲ್ಲಾ ಹಳದಿ ಆತು. ಗೌಡ್ರು ಏಣಿ ಕೈ ಬಿಟ್ಟು ಅಲ್ಲೇ ಕುಂತ್ರು. ಅತ್ತಿ ಬಂದು ಅಳಿಯನ ಹಣಿಗೂ ಉಳಿದದ್ದು ಹಚ್ಚಿದ್ರು. ಪಾಪ, ಬೈಯಾಕೂ ಬರಂಗಿಲ್ಲ.

ಕೆಲವು ವಾರ ಬಿಟ್ಟು ಗೌಡ್ರ ಫೋನು. "ಸಾಹೇಬ್ರ, ಗೊನಿ ತುಂಬ ಕಾಯಿ ಕಟ್ಟ್ಯಾವ್ರೀ!"

ಖುಷಿ ತಡೀಲಾರದ ಗಾಡಿ ಹೊಡಕೊಂಡು ಹೋದೆ. ಪರಾಗ ಒಣಗಿತ್ತು, ಥಂಡ್ಯಾಗಿತ್ತು, ಅದಕ್ಕ ಜೀವ ಉಳೀತು, ಖರ್ಜೂರಕ್ಕ ಗಾಳೀನ ಪರಾಗ ಮುಟ್ಟಸ್ತೈತಿ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಗೌಡ್ರು ಗೋಣು ಹಾಕ್ಕೋತ ಎಲ್ಲಾ ಕೇಳಿದ್ರು.

"ತಿಳೀತ್ರಿ ಸಾಹೇಬ್ರ. ಬರೂ ವರ್ಷನೂ ಪುಡಿ ಹಂಗ ಕಾಯ್ತೇನಿ. ಆದ್ರ ತೂರಾಕ ಅತ್ತೀನ್ನ ಕರಸ್ತೇನಿ. ಹ್ವಾದ ವರ್ಷ ನೀವು ಹಚ್ಚಿದ್ರಲ್ರೀ, ಸಿಟ್ಟಾಗಬ್ಯಾಡ್ರಿ, ನಿಮ್ಮ ಕೈಗುಣ ಅಷ್ಟಕ್ಕಷ್ಟ ಐತಿ."