ನಡುಮನೆಯ ನಾದಿನಿ

ಹೆಂಡತಿಯ ತಂಗಿ ಮನೆಗೆ ಬಂದು ಎರಡು ದಿನ ಇದ್ದು ಹೋದರೆ ಯಾವ ಗಂಡಸೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ನಾದಿನಿ ಮಾತ್ರ ಬಂದವಳು ಹೋಗಲೇ ಇಲ್ಲ. ಬಂದವಳು ಎನ್ನುವುದೂ ತಪ್ಪು, ಅವಳಿದ್ದ ಜಾಗಕ್ಕೆ ನಾವೇ ಹೋಗಿ ಮನೆ ಕಟ್ಟಿಕೊಂಡವರು. ನಡುಮನೆಯ ನಟ್ಟನಡುವೆ, ಸೋಫಾಕ್ಕೂ ಟೀವಿಗೂ ಮಧ್ಯೆ, ತಾರಸಿಯ ತೂತಿನಿಂದ ತಲೆ ಹೊರಗೆ ಹಾಕಿಕೊಂಡು ನಿಂತಿದ್ದಾಳೆ. ತೆಂಗಿನಮರ ಸ್ವಾಮಿ, ತೆಂಗಿನಮರ.

ನನ್ನ ಮಾವ ಚಿಕ್ಕಬೋರಯ್ಯನವರು ಗುಬ್ಬಿ ಪಕ್ಕದ ಹಳ್ಳಿಯಲ್ಲಿ ತೆಂಗಿನ ತೋಟ ಇಟ್ಟುಕೊಂಡವರು. ಮಗಳು ತ್ರಿವೇಣಿ ಹುಟ್ಟಿದ ವರ್ಷ ಕ್ಯಾತ್ಸಂದ್ರದಲ್ಲಿ ಒಂದು ಸೈಟು ತೆಗೆದುಕೊಂಡು, ಅವಳಿಗೆ ಹೆಸರಿಟ್ಟ ದಿನವೇ ಅಲ್ಲೊಂದು ತೆಂಗಿನ ಸಸಿಯನ್ನೂ ನೆಟ್ಟರು. ಮುಂದೆ ಮಗಳು ನನಗೆ ಬಂದಳು, ಸೈಟು ಅವಳ ಜೊತೆ ಬಂತು, ಮರ ಸೈಟಿನ ಜೊತೆ ಬಂತು. ಮನೆ ಕಟ್ಟುವಾಗ ನೋಡಿದರೆ ಮರ ಸರಿಯಾಗಿ ನಡುಮನೆಯ ಜಾಗದಲ್ಲೇ ಬರುತ್ತದೆ. ಕಡಿಸಿಬಿಡೋಣ ಎಂದೆ. ಮಾವ ಹೆಗಲ ಮೇಲಿನ ಟವಲು ಕೊಡವಿ ಎದ್ದು ನಿಂತರು.

"ಅಳಿಯಂದ್ರೆ, ಫಲ ಬುಡೋ ಮರ ಕಡಿಯೋದೂ ಒಂದೆ, ಹೆಣ್ಮಗಳ ಕುತ್ತಿಗೆ ಹಿಸುಕೋದೂ ಒಂದೆ. ತ್ರಿವೇಣಿಗೆ ಅದು ಒಡಹುಟ್ಟಿದ ತಂಗಿ ಇದ್ದಂಗೆ."

ಸೈಟು ಅವರದು, ಆದ್ದರಿಂದ ಧರ್ಮಶಾಸ್ತ್ರವೂ ಅವರದೇ. ಮರಕ್ಕೆ ಗಾಳಿಯಲ್ಲಿ ಆಡಲು ಜಾಗ ಬೇಕೆಂದು ಕಾಂಡಕ್ಕಿಂತ ದೊಡ್ಡ ತೂತು ಬಿಟ್ಟು ಮೋಲ್ಡ್ ಹಾಕಿದರು. ಅಂದಿನಿಂದ ನಮ್ಮ ಮನೆಯಲ್ಲಿ ಕ್ರಿಕೆಟ್ ನೋಡಲು ಬಂದವರೆಲ್ಲ ಕತ್ತು ವಾಲಿಸಿಕೊಂಡೇ ನೋಡುತ್ತಾರೆ. ಬೌಲರ್ ಮರದ ಆ ಕಡೆ ಓಡಿ ಮಾಯವಾಗುತ್ತಾನೆ, ಬ್ಯಾಟ್ಸ್‌ಮನ್ ಈ ಕಡೆ ಔಟಾಗಿರುತ್ತಾನೆ.

ಅದನ್ನಾದರೂ ಸಹಿಸಬಹುದು. ಮಳೆಯನ್ನು ಹೇಗೆ ಸಹಿಸುವುದು? ತೂತಿನ ಸುತ್ತ ಕಾಂಡಗುಂಟ ನೀರು ಇಳಿಯುತ್ತದೆ. ಪ್ರತಿ ವರ್ಷ ಯುಗಾದಿ ಹೋಳಿಗೆ ಅರಗುವ ಮುಂಚೆಯೇ ನಾನು ತಾರಸಿ ಹತ್ತಿ ಮರದ ಜೀರ್ಣೋದ್ಧಾರಕ್ಕೆ ಕೂರಬೇಕು. ಒಂದು ವರ್ಷ ಸಿಮೆಂಟು ಮೆತ್ತಿದೆ. ಮೊದಲ ಗಾಳಿಗೆ ಮರ ಒಮ್ಮೆ ಮೈಮುರಿಯಿತು, ಸಿಮೆಂಟು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಇನ್ನೊಂದು ವರ್ಷ ಗೋಣಿತಾಟಿಗೆ ಡಾಂಬರು ಹಚ್ಚಿ ಸುತ್ತಿದೆ. ಬಿಸಿಲಿಗೆ ಡಾಂಬರು ಕರಗಿ, ಅರಿಶಿನ ಕುಂಕುಮಕ್ಕೆ ಬಂದು ಕೂತಿದ್ದ ಎದುರುಮನೆಯ ಸರ್ವಮಂಗಳಮ್ಮನವರ ರೇಷ್ಮೆ ಸೀರೆಯ ಮೇಲೆ ಬಿತ್ತು. (ಅವರು ಈಗಲೂ ನಮ್ಮ ಮನೆಯಲ್ಲಿ ಬಾಗಿಲ ಹತ್ತಿರವೇ ಕುಂಕುಮ ಇಡಿಸಿಕೊಂಡು ಹೋಗುತ್ತಾರೆ.) ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೋದಲ್ಲಿ ಹೇಳಿದರೆ ಮದ್ರಾಸಿನ ಮೀನುಗಾರರಿಗಿಂತ ಮುಂಚೆ ನಾನು ಎಚ್ಚರಗೊಳ್ಳುತ್ತೇನೆ. ಅವರು ದೋಣಿ ಎಳೆದುಕೊಳ್ಳುತ್ತಾರೆ, ನಾನು ಬಕೆಟ್ಟು ಎಳೆದುಕೊಳ್ಳುತ್ತೇನೆ.

ಹೋದ ವರ್ಷದ ಚಂಡಮಾರುತದಲ್ಲಿ ಹೊಸ ಕಲರ್ ಟೀವಿ ನೀರು ಕುಡಿದು ಕಣ್ಣು ಮುಚ್ಚಿತು. ಆಗ ನಾನು ಗಂಡಸಿನ ಹಾಗೆ ಗುಡುಗಿದೆ.

"ಈ ಮನೇಲಿ ಮರ ಇರಬೇಕು, ಇಲ್ಲಾ ನಾನಿರಬೇಕು ಕಣೇ."

"ಮರ ಕಾಯಾದ್ರೂ ಕೊಡುತ್ತೆ," ಎಂದಳು ತ್ರಿವೇಣಿ. ಆಮೇಲೆ ಪಾಪ ಅನ್ನಿಸಿತೇನೋ, "ನೋಡ್ರೀ, ಈ ಸಲ ಮನಸ್ಸಿಟ್ಟು ರಿಪೇರಿ ಮಾಡಿ. ಮಾಡಿದ್ಮೇಲೂ ಒಂದೇ ಒಂದು ಹನಿ ಒಳಗೆ ಬಿತ್ತು ಅಂದ್ರೆ ನಾನೇ ಅಪ್ಪನ ಕಾಲು ಹಿಡ್ದು ಕಡಿಸ್ತೀನಿ. ಬೀಳ್ಲಿಲ್ವಾ, ಇನ್ನು ಜನ್ಮದಲ್ಲಿ ಕೊಡಲಿ ಅನ್ನೋ ಮಾತು ಎತ್ತಬಾರ್ದು," ಎಂದಳು.

ಒಂದು ಹನಿ. ಇಷ್ಟು ವರ್ಷ ಬೇಡ ಬೇಡವೆಂದರೂ ಬಿಂದಿಗೆಗಟ್ಟಲೆ ಸುರಿದದ್ದು, ಬೇಕು ಎಂದರೆ ಒಂದು ಹನಿ ಬೀಳುವುದಿಲ್ಲವೇ? ಖುಷಿಯಿಂದ ತಾರಸಿ ಹತ್ತಿದೆ. ಸತ್ಯಮಂಗಲದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಹಿಂದೆ ಬಿದ್ದಿದ್ದ ಹಳೇ ಲಾರಿ ಟ್ಯೂಬು ತಂದು, ಸೀಳಿ, ಲಂಗದ ಹಾಗೆ ಮರಕ್ಕೆ ಸುತ್ತಿ, ತೆಂಗಿನ ಹಗ್ಗದಲ್ಲಿ ಕಟ್ಟಿದಂತೆ ಮಾಡಿದೆ. ಕಟ್ಟಿದೆ ಎಂದರೆ ಹಗ್ಗಕ್ಕೆ ಅವಮಾನ.

"ಇಷ್ಟೇನಾ?" ಎಂದು ತ್ರಿವೇಣಿ ಮೆಟ್ಟಿಲ ಮೇಲಿಂದ ಕತ್ತು ಚಾಚಿದಳು.

"ಇದು ಹೊಸ ಟೆಕ್ನಿಕ್. ನಿಂಗೆ ಗೊತ್ತಾಗಲ್ಲ," ಎಂದೆ.

ನನಗೂ ಗೊತ್ತಾಗಿರಲಿಲ್ಲ. ಭರಣಿ ಮಳೆ ಬಂತು, ಪಕ್ಕದ ಬೀದಿಯ ಶೀಟುಗಳೆಲ್ಲ ಹಾರಿದವು, ನಮ್ಮ ನಡುಮನೆ ಒಣಗಿದ ಕೊಬ್ಬರಿ ಬಟ್ಟಲಿನಂತೆ ಇತ್ತು. ಬಿಗಿಯಾಗಿ ಮೆತ್ತಿದ್ದೆಲ್ಲ ಮರ ಆಡಿದಾಗ ಬಿರಿಯುತ್ತಿತ್ತು. ಈ ದರಿದ್ರ ಟ್ಯೂಬು ಮರ ಆಡಿದ ಹಾಗೆ ತಾನೂ ಆಡುತ್ತಿತ್ತು, ನೀರನ್ನು ಕೊಡೆಯಂತೆ ಆಚೆ ಚೆಲ್ಲುತ್ತಿತ್ತು. ಪ್ರಾಮಾಣಿಕವಾಗಿ ದುಡಿದ ವರ್ಷಗಳಲ್ಲಿ ಸೋರಿದ ಮನೆ, ಮೋಸ ಮಾಡಿದ ವರ್ಷ ಭದ್ರವಾಗಿತ್ತು. (ಕಾರ್ಖಾನೆಯಲ್ಲಿ ಬಡ್ತಿಯ ವಿಷಯದಲ್ಲೂ ಇದನ್ನೇ ಕಂಡಿದ್ದೇನೆ.)

ಮುಂಗಾರು ಪೂರ್ತಿ ನಾನು ಸೋಫಾದಲ್ಲಿ ಕೂತು, ಸೂರು ನೋಡುತ್ತಾ, ಒಂದು ಹನಿಗಾಗಿ ಚಾತಕಪಕ್ಷಿಯಂತೆ ಬಾಯಿ ಬಿಟ್ಟುಕೊಂಡು ಕಾದೆ. ಊಟ ರುಚಿಸಲಿಲ್ಲ. ಮೋಡ ಕವಿದರೆ ಎದೆ ಡವಡವ ಎನ್ನುತ್ತಿತ್ತು. ತ್ರಿವೇಣಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಿದ್ದಳು. ಅದು ಗೆಲ್ಲುತ್ತಿರುವವಳ ಜಂಬ ಎಂದುಕೊಂಡು ಇನ್ನಷ್ಟು ಉರಿದುಕೊಂಡೆ.

ದೀಪಾವಳಿ ಮುಗಿದ ಮೇಲೆ ದೇವರು ಕಣ್ಣು ಬಿಟ್ಟ. ಬಂಗಾಳಕೊಲ್ಲಿಯಲ್ಲಿ ಮತ್ತೆ ಚಂಡಮಾರುತ. ತುಮಕೂರಿನ ಮೇಲೆ ಜಡಿಮಳೆ ಹಿಡಿಯಿತು, ಕರೆಂಟಿಲ್ಲದೆ ಕಾರ್ಖಾನೆ ಮಧ್ಯಾಹ್ನವೇ ಬಿಟ್ಟರು. ವರ್ಷದ ಕೊನೆಯ ಮಳೆ, ಇದರಲ್ಲೂ ಹನಿ ಬೀಳದಿದ್ದರೆ ಜನ್ಮಪೂರ್ತಿ ನಾದಿನಿ ಗ್ಯಾರಂಟಿ. ಸ್ಕೂಟರು ನಿಲ್ಲಿಸಿದವನೇ ಮನೆಯೊಳಕ್ಕೂ ಹೋಗದೆ ಹೊರಗಿನ ಮೆಟ್ಟಿಲು ಹತ್ತಿದೆ. ಆ ಹಗ್ಗದ ಗಂಟನ್ನು ಸ್ವಲ್ಪ ಸಡಿಲ ಮಾಡಿದರೆ ಸಾಕು, ಉಳಿದದ್ದು ವರುಣನ ಪಾಲು.

ಗಂಟಿಗೆ ಕೈ ಹಾಕಿದ್ದೇ ತಡ, ಪಾಚಿಯ ಮೇಲೆ ಕಾಲು ಸರ್ರೆಂದು ಜಾರಿತು. ಬೀಳಬಾರದೆಂದು ಮರವನ್ನು ಎರಡು ಕೈಯಲ್ಲೂ ತಬ್ಬಿಕೊಂಡೆ. ಗಾಳಿಗೆ ಮರ ವಾಲಿತು, ನಾನೂ ವಾಲಿದೆ. ಕಾಲಿಗೆ ನೆಲ ಸಿಗುತ್ತಿಲ್ಲ, ಬಿಟ್ಟರೆ ಹಲ್ಲು ಉಳಿಯುವುದಿಲ್ಲ. ಕಣ್ಣು ಮುಚ್ಚಿ, ಕೆನ್ನೆ ಒತ್ತಿ, "ರಂಗನಾಥಾ, ರಂಗನಾಥಾ" ಎನ್ನುತ್ತಾ ನಾದಿನಿಯನ್ನು ಅಪ್ಪಿ ನಿಂತೆ.

"ಅಳಿಯಂದ್ರೆ?"

ಕಣ್ಣು ಬಿಟ್ಟರೆ ಮಾವ. ಗೋಣಿಚೀಲದ ಕೊಪ್ಪೆ ಹೊದ್ದು, ಗಾಳಿಗೆ ಉದುರಿದ ಕಾಯಿಗಳನ್ನು ಆರಿಸಲು ಮೇಲೆ ಬಂದಿದ್ದಾರೆ. ಅವರು ಊರಿನಿಂದ ಬಂದಿರುವುದೇ ನನಗೆ ಗೊತ್ತಿಲ್ಲ. ಕೈಯಲ್ಲಿದ್ದ ಕಾಯಿ ಜಾರಿ ಬಿದ್ದರೂ ಅವರಿಗೆ ಪರಿವೆಯಿಲ್ಲ.

"ಬುಡಿ ಅಳಿಯಂದ್ರೆ, ಬುಡಿ. ಮರ ಹೋದ್ರೆ ಹೋಗ್ಲಿ, ನಿಮ್ಮ ಜೀವ ದೊಡ್ದು," ಎಂದು ರಟ್ಟೆ ಹಿಡಿದು ಮೆಲ್ಲಗೆ ಕೆಳಗಿಳಿಸಿಕೊಂಡು ಬಂದರು.

ನಿಜ ಹೇಳಿಬಿಡಬೇಕಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು, ನಿಜ ಅವುಗಳ ಮಧ್ಯೆಯೇ ಸಿಕ್ಕಿಕೊಂಡಿತು.

ತ್ರಿವೇಣಿ ಟವಲು ತಂದಳು. ಮಾವ ಸೋಫಾದಲ್ಲಿ ಕೂತು ಕಣ್ಣೊರೆಸಿಕೊಂಡರು.

"ನಿಮ್ಮತ್ರ ಮುಚ್ಚುಮರೆ ಯಾಕೆ. ನಾನು ಇವತ್ತು ಬಂದದ್ದೇ ಇದನ್ನ ಕಡಿಸೋಕೆ. ಇವಳು ಫೋನ್ ಮಾಡಿ ಅತ್ಲು. ಮಳೆ ಬಂದ್ರೆ ಅವ್ರು ಊಟ ಬುಟ್ಟು ಸೂರು ನೋಡ್ಕಂಡು ಕೂತ್ಕತಾರೆ, ಇನ್ನು ನೋಡಕ್ಕಾಗಕಿಲ್ಲ, ಮರ ತೆಗ್ಸ್ಬುಡಪ್ಪ ಅಂದ್ಲು. ಮಗಳಿಗಿಂತ ಮರ ಹೆಚ್ಚಾ ಅಂತ ನಾನೂ ಒಪ್ದೆ. ನಾಳೆ ಕೊಡಲಿ ತತ್ತಾನೆ ನಮ್ಮೂರ ದಾಸಯ್ಯ."

ನನ್ನ ಕೈಯಿಂದ ಟವಲು ಜಾರಿತು. "ಒಳ್ಳೇದೇ ಆಯ್ತಲ್ಲ ಮಾವ," ಎಂದೆ.

"ಎಲ್ಲಿ ಒಳ್ಳೇದು? ಹೆತ್ತ ನಾನೇ ಕೊಡಲಿ ಹುಡುಕ್ದೆ. ನೀವು ಬಿರುಗಾಳಿಗೆ ಎದೆ ಕೊಟ್ಟು ತಬ್ಕಂಡು ನಿಂತ್ರಿ. ಇನ್ನು ಈ ಮರದ ತಂಟೆಗೆ ಯಾವನಾದ್ರೂ ಬಂದ್ರೆ ಅವ್ನು ನನ್ನ ಹೆಣ ದಾಟ್ಕಂಡು ಬರ್ಬೇಕು."

"ಮಾವ, ಹಾಗಲ್ಲ, ನನಗೇನೂ ಬೇಜಾರಿಲ್ಲ, ಕಡಿಸಿಬಿಡಿ," ಎಂದು ಅಂಗಲಾಚಿದೆ.

"ನೋಡಿದ್ಯೇನವ್ವ," ಎಂದರು ಮಾವ ಮಗಳ ಕಡೆ ತಿರುಗಿ. "ನಿನ್ನ ಸಲುವಾಗಿ ಕರುಳು ಹಿಂಡ್ಕಂಡು ಹೇಳ್ತಾವ್ರೆ."

ತ್ರಿವೇಣಿ ನನ್ನನ್ನು ನೋಡಿದಳು. ಮದುವೆಯಾದ ಮೇಲೆ ಆ ಕಣ್ಣುಗಳಲ್ಲಿ ಅಷ್ಟು ಪ್ರೀತಿ ನಾನು ಕಂಡಿರಲಿಲ್ಲ. ಅದನ್ನು ಕಳೆದುಕೊಳ್ಳುವ ಧೈರ್ಯವೂ ನನಗಿರಲಿಲ್ಲ. ಮಾವ ಎದ್ದು ಫೋನಿನ ಹತ್ತಿರ ಹೋಗಿ, ದಾಸಯ್ಯ ಬರುವುದು ಬೇಡವೆಂದು ಹಳ್ಳಿಗೆ ಹೇಳಿಬಂದರು. ಆ ಹೊತ್ತಿಗೆ ನನಗೆ ಮಾಳಿಗೆ ಅದುರುವಂಥ ಸೀನು ಬಂತು.

"ನೂರು ವರ್ಷ ಬದುಕು ನನ್ನವ್ವ," ಎಂದರು ಮಾವ, ತೆಂಗಿನಮರದ ಮೈ ಸವರುತ್ತಾ.