ಮಾಲೆ ಹಾಕಿಕೊಂಡು ಬಂದ ಸೊಸೆ

ತಂದೆಯಾಗಬೇಕೆಂದರೆ ಕನಿಷ್ಠ ಮದುವೆಯಾದರೂ ಆಗಬೇಕು. ತಾಯಿಯಾಗುವ ಕಷ್ಟದ ಬಗ್ಗೆ ಮಾತಾಡುವ ಅಧಿಕಾರ ಗಂಡಸಿಗಿಲ್ಲ. ಅಜ್ಜನಾಗುವುದಕ್ಕೂ ತಲೆಯ ಮೇಲಿನ ಒಂದಷ್ಟು ಕೂದಲು ಉದುರಬೇಕು. ಯಾವ ಯೋಗ್ಯತೆಯೂ ಬೇಡದೆ, ಕೈಕಾಲು ಆಡಿಸದೆ, ಗೋಡೆಗೆ ಒರಗಿ ಕೂತಲ್ಲೇ ಸಿಗುವ ಪದವಿ ಎಂದರೆ ಸೋದರಮಾವನದು. ತಂಗಿ ಹೆತ್ತಳೋ, ನೀವು ಮಾವ. ಅರ್ಜಿ ಹಾಕುವಂತಿಲ್ಲ, ಬೇಡವೆನ್ನುವಂತಿಲ್ಲ. ನಾನೂ ಹಾಗೆಯೇ ತಿಳಿದುಕೊಂಡಿದ್ದೆ. ಇಷ್ಟು ಸುಲಭವಾಗಿ ಸಿಗುವ ಪದವಿಯಲ್ಲಿ ಏನೋ ಮೋಸವಿರಬೇಕು ಎಂಬ ಅನುಮಾನ ಆಗಲೇ ಬರಬೇಕಾಗಿತ್ತು, ಬರಲಿಲ್ಲ.

ಆಗ ನಾವು ಮಕ್ತಲದಲ್ಲಿದ್ದೆವು. ನಾನು ತಾಲೂಕು ಕಚೇರಿಯಲ್ಲಿ ನಕಲ್‌ನವೀಸ. ಎಂದರೆ ಒಬ್ಬರು ಉರ್ದುವಿನಲ್ಲಿ ಬರೆದ ತಪ್ಪನ್ನು ಇನ್ನೊಂದು ಕಾಗದದ ಮೇಲೆ ತಪ್ಪಿಲ್ಲದಂತೆ ನಕಲು ಮಾಡುವವನು. ಯೂನಿಯನ್ ಫೌಜು ಬಂದು ನವಾಬರ ಆಳ್ವಿಕೆ ಮುಗಿಸಿದ, ಪೊಲೀಸ್ ಆ್ಯಕ್ಷನ್ ಆದ ಆ ವಾರ ಕಚೇರಿಯ ಬಾಗಿಲು ತೆರೆದೇ ಇತ್ತು, ಆದರೆ ಯಾರ ಹೆಸರಿನ ಮೊಹರು ಒತ್ತಬೇಕೆಂದು ಗೊತ್ತಿಲ್ಲದೆ ಎಲ್ಲರೂ ಮೊಹರನ್ನು ಒರೆಸಿ ಒರೆಸಿ ಇಡುತ್ತಿದ್ದರು. ಊರಿನಲ್ಲಿ ಹೆದರಿಕೆಯೂ ಇತ್ತು, ಸಂಭ್ರಮವೂ ಇತ್ತು. ಒಂದೊಂದು ಓಣಿಯಲ್ಲಿ ಒಂದೊಂದು ಇತ್ತು. ಮಂತ್ರಾಲಯಕ್ಕೆ ಹೋಗಿದ್ದ ಅಪ್ಪ ದಾರಿ ಬಂದಾಗಿ ಅಲ್ಲೇ ಉಳಿದುಬಿಟ್ಟಿದ್ದರು. ಹೀಗಾಗಿ ಮನೆಯ ಯಜಮಾನಿಕೆ ನನ್ನ ತಲೆಗೆ ಬಂತು. ಅಜ್ಜಿ, ಅವ್ವ, ತಂಗಿ ಮೂವರಿಂದಲೂ ಬೈಸಿಕೊಳ್ಳುವ ಹಕ್ಕಿಗೆ ನಮ್ಮ ಮನೆಯಲ್ಲಿ ಯಜಮಾನಿಕೆ ಎಂದು ಹೆಸರು.

ತಂಗಿ ಪದ್ದಿ ಗದ್ವಾಲದಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಅವಳ ಗಂಡ ಕೃಷ್ಣಾ ಹೊಳೆಯ ಆಚೆ. ನಡುವೆ ಹೊಳೆ ತುಂಬಿ ಹರಿಯುತ್ತಿತ್ತು, ಹರಗೋಲಿನವರು ಗಲಾಟೆಗೆ ಹೆದರಿ ಹರಗೋಲುಗಳನ್ನು ದಂಡೆಗೆಳೆದು ಬೋರಲು ಹಾಕಿ ಊರು ಸೇರಿದ್ದರು. ಪದ್ದಿ ಅಳುವವರ ಪೈಕಿಯಲ್ಲ. ಆದರೆ ಹೆರಿಗೆಯ ಹಿಂದಿನ ಸಂಜೆ ನನ್ನನ್ನು ಹತ್ತಿರ ಕರೆದು, “ಅಣ್ಣಾ, ಅವರು ಹೊಳಿ ಆಚಿ ಉಳದ್ರು. ಅಪ್ಪನೂ ಇಲ್ಲ. ಕೂಸಿನ ಮಾರಿ ಮೊದಲು ನೀನ ನೋಡಬೇಕು, ನೀನ ಎತ್ಕೋಬೇಕು,” ಎಂದಳು. ಇಷ್ಟು ಸಣ್ಣ ಕೆಲಸ ತಾನೇ ಎಂದುಕೊಂಡು ಧಾರಾಳವಾಗಿ ಮಾತು ಕೊಟ್ಟೆ.

ನಾನು ಆ ಕಾಲಕ್ಕೆ ಮೂಢನಂಬಿಕೆಯ ಬದ್ಧವೈರಿ ಎಂಬುದನ್ನೂ ಇಲ್ಲಿ ಹೇಳಬೇಕು. ಊರ ವಾಚನಾಲಯದಲ್ಲಿ ಆ ವಿಷಯವಾಗಿ ಒಂದು ಭಾಷಣವನ್ನೇ ಮಾಡಿದ್ದೆ. ಕೇಳಲು ಬಂದಿದ್ದ ಆರೇಳು ಮಂದಿಯಲ್ಲಿ ಇಬ್ಬರು ಪತ್ರಿಕೆ ಓದಲು ಬಂದವರು. ಮನೆಯಲ್ಲಿ ಅಜ್ಜಿ ಹಲ್ಲಿ ಲೊಚಗುಟ್ಟಿದರೆ ಕೃಷ್ಣಾ ಕೃಷ್ಣಾ ಎಂದು ನೆಲಕ್ಕೆ ಬೆರಳು ಬಡಿಯುತ್ತಿದ್ದಳು. ನಾನು ಅವಳೆದುರಿಗೇ ಸೀನಿ ಹೊರಗೆ ಹೊರಡುತ್ತಿದ್ದೆ. ನನ್ನ ಧೈರ್ಯದ ವ್ಯಾಪ್ತಿ ಹಲ್ಲಿ ಮತ್ತು ಸೀನು, ಇಷ್ಟರಲ್ಲೇ ಮುಗಿಯುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಯೂನಿಯನ್ ಫೌಜಿನ ಲಾರಿಗಳು ಊರಿಗೆ ಬರುತ್ತವೆಂದು ಸುದ್ದಿ. ದೊಡ್ಡ ರಸ್ತೆಯ ಜನರೆಲ್ಲ ಚೆಂಡುಹೂವಿನ ಮಾಲೆ ಹಿಡಿದು ನಿಂತಿದ್ದರು. ನಾನೂ ಒಂದು ಮಾಲೆ ಕಟ್ಟಿಸಿಟ್ಟಿದ್ದೆ. ಅಷ್ಟರಲ್ಲಿ ಪದ್ದಿಗೆ ನೋವು ಶುರುವಾಯಿತು. ಸೂಲಗಿತ್ತಿ ಮಾಳವ್ವ ಬಂದಳು. ಕುರುಬರ ಮನೆಯ ಗಟ್ಟಿ ಹೆಂಗಸು, ಮೈಲಾರಲಿಂಗನ ಭಂಡಾರ ಹಣೆ ತುಂಬ ಬಳಿದುಕೊಂಡವಳು. ಬಂದವಳೇ ನನ್ನ ಮುಖ ನೋಡಿ, ಗಂಡಸರು ಬಿಸಿನೀರು ಕಾಸಲಿ ಎಂದು ಅಪ್ಪಣೆ ಮಾಡಿದಳು. ನಾನು ಕಾಸಿದೆ. ಒಂದು ಹಂಡೆ ಒಯ್ದುಕೊಟ್ಟು ಎರಡನೆಯದು ಕಾಸಿದೆ, ಮೂರನೆಯದೂ ಕಾಸಿದೆ. ಕೋಣೆಯ ಬಾಗಿಲಲ್ಲಿ ಪದ್ದಿಯ ನರಳಿಕೆ ಕೇಳಿದಷ್ಟೂ ಒಲೆಗೆ ಕಟ್ಟಿಗೆ ತುರುಕಿದೆ. ಆಮೇಲೆ ತಿಳಿಯಿತು, ಮಾಳವ್ವನಿಗೆ ಬೇಕಾಗಿದ್ದುದು ಒಂದೇ ಕೊಡ ನೀರು. ಗಂಡಸರು ದಾರಿಗೆ ಅಡ್ಡ ಬಾರದಿರಲೆಂದು ಆಕೆ ಎಲ್ಲ ಮನೆಗಳಲ್ಲೂ ನೀರು ಕಾಸಲು ಹಚ್ಚುತ್ತಾಳಂತೆ. ಉಳಿದ ನೀರಿನಲ್ಲಿ ಅಜ್ಜಿ ಎರಡು ಸಲ ಸ್ನಾನ ಮಾಡಿದಳು.

ಲಾರಿಗಳ ಸದ್ದು, ಜನರ ಜೈಕಾರ ಓಣಿಯ ತುದಿಗೆ ಕೇಳಿಸಿದ ಹೊತ್ತಿಗೇ ಒಳಗಿನಿಂದ ಸಣ್ಣದೊಂದು ಅಳು ಬಂತು. ಕೈಯಲ್ಲಿದ್ದ ಕಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದೆ. ಪದ್ದಿ ಬದುಕಿದಳು, ಕೂಸು ಅತ್ತಿತು, ಇಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಬಾಗಿಲ ಸಂದಿಯಿಂದ ಮಾಳವ್ವನ ದನಿ ಕೇಳಿತು: “ಹೆಣ್ಣು ಐತ್ರೀ. ಮಾಲಿ ಹಾಕ್ಕೊಂಡು ಬಂದಾಳ.”

ಊರೆಲ್ಲ ಮಾಲೆ ಹಿಡಿದು ನಿಂತ ದಿನ ನನ್ನ ಸೋದರಸೊಸೆ ತಾನೇ ಮಾಲೆ ಹಾಕಿಕೊಂಡು ಬಂದಳೆಂದರೆ ಇದಕ್ಕಿಂತ ಶುಭ ಇನ್ನೇನು? ಏನೋ ದೈವಾಂಶದ ಲಕ್ಷಣವಿರಬೇಕೆಂದು ತಿಳಿದು, ಅಡುಗೆಮನೆಯ ಸಕ್ಕರೆ ಡಬ್ಬಿ ಎತ್ತಿಕೊಂಡು ಬೀದಿಗೆ ಓಡಿದೆ. ಎದುರಾದವರ ಬಾಯಿಗೆಲ್ಲ ಸಕ್ಕರೆ ಹಾಕುತ್ತ, ನಮ್ಮ ಸೊಸೆ ಮಾಲೆ ಹಾಕಿಕೊಂಡು ಬಂದಿದ್ದಾಳೆ ಎಂದು ಸಾರಿದೆ. ಕೆಲವರು ಸಕ್ಕರೆ ತಿನ್ನುತ್ತಲೇ ನನ್ನನ್ನು ಮರುಕದಿಂದ ನೋಡಿದರು. ಒಬ್ಬ ಮುದುಕ ಬೆನ್ನು ತಟ್ಟಿ ಧೈರ್ಯವಾಗಿರು ಎಂದ. ನಾನು ಅದನ್ನು ಹೆಣ್ಣುಕೂಸು ಹುಟ್ಟಿದ್ದಕ್ಕೆ ಹೇಳಿದ್ದೆಂದು ತಿಳಿದು, ಸ್ತ್ರೀಸಮಾನತೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋದೆ.

ಕಚೇರಿಯ ಪೇಷ್ಕಾರ ಸಾಹೇಬರು ತಮ್ಮ ಮನೆಯ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾಳೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಅವರದು. ಸಜ್ಜನರು, ನನಗೆ ಉರ್ದು ತಿದ್ದಿಕೊಟ್ಟವರು. ಅವರ ಬಾಯಿಗೂ ಸಕ್ಕರೆ ಹಾಕಿ, ಸಾಬ್, ನಾನು ಮಾಮಾ ಆದೆ ಎಂದು ಉರ್ದುವಿನಲ್ಲಿ ಹೇಳಿದೆ. ಅವರ ಮುಖ ಇನ್ನಷ್ಟು ಬಾಡಿತು. ಯಾರ ಮನೆಯಲ್ಲಿ ಎಂದು ಮೆಲ್ಲಗೆ ಕೇಳಿದರು. ನಮ್ಮ ಮನೆಯಲ್ಲೇ ಎಂದೆ. ಆಮೇಲೆ ನೆನಪಾಯಿತು: ಅವರ ಭಾಷೆಯಲ್ಲಿ ಸೋದರಮಾವ ಎಂದರೆ ಮಾಮೂ. ಮಾಮಾ ಎಂದರೆ ಮನೆಗೆಲಸದ ಹೆಂಗಸು. ಸರ್ಕಾರ ಬದಲಾಗುತ್ತಿದ್ದ ಹಾಗೆ ನಕಲ್‌ನವೀಸ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದನೆಂದು ಅವರು ತಿಳಿದಿದ್ದರು. ತಪ್ಪು ತಿಳಿದ ಮೇಲೆ ಇಬ್ಬರೂ ನಕ್ಕೆವು. ಆ ವಾರದಲ್ಲಿ ಅವರು ನಕ್ಕದ್ದು ಅದೊಂದೇ ಸಲವಿರಬೇಕು.

ಖಾಲಿ ಡಬ್ಬಿ ಹಿಡಿದು ಮನೆಗೆ ಬಂದು ಕೋಣೆಯ ಕಡೆ ನುಗ್ಗಿದರೆ ಅಜ್ಜಿ ಅಡ್ಡ ಬಂದು ಸೀರೆಯ ಸೆರಗಿನಿಂದ ನನ್ನ ಕಣ್ಣು ಮುಚ್ಚಿದಳು. ಆಗ ಮಾಲೆಯ ಅರ್ಥ ಬಿಚ್ಚಿಕೊಂಡಿತು. ಕರುಳಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡು ಹುಟ್ಟುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಮಾಳವ್ವ ಬಳ್ಳಿಯನ್ನು ಬಿಡಿಸಿ ಕೂಸನ್ನು ಉಳಿಸಿದ್ದಳು, ಕೂಸು ಆರೋಗ್ಯವಾಗಿತ್ತು. ಆದರೆ ಹಾಗೆ ಹುಟ್ಟಿದ ಕೂಸು ಸೋದರಮಾವನಿಗೆ ಆಗಿಬರುವುದಿಲ್ಲ. ಮಾವ ನೆಟ್ಟಗೆ ಮುಖ ನೋಡಿದರೆ ಅವನ ಪ್ರಾಣಕ್ಕೆ ಗಂಡಾಂತರ. ಮೊದಲು ಕಂಚಿನ ಬಟ್ಟಲಿನ ಎಳ್ಳೆಣ್ಣೆಯಲ್ಲಿ ಅದರ ಬಿಂಬ ನೋಡಬೇಕು, ಆಮೇಲೆ ಮುಖ. ಬೀದಿಯ ಜನ ಮರುಕಪಟ್ಟದ್ದು ಯಾಕೆಂದು ಈಗ ತಿಳಿಯಿತು. ನನ್ನ ಗಂಡಾಂತರಕ್ಕೆ ನಾನೇ ಸಕ್ಕರೆ ಹಂಚಿ ಬಂದಿದ್ದೆ.

ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ ಎಂದು ಸೆರಗಿನೊಳಗಿಂದಲೇ ಗಟ್ಟಿಯಾಗಿ ಹೇಳಿದೆ. ಸೆರಗನ್ನು ಮಾತ್ರ ಸರಿಸಲಿಲ್ಲ. ಹೋಗಲಿ, ಅಜ್ಜಿಯ ಸಮಾಧಾನಕ್ಕೆ ಎಣ್ಣೆ ತಂದುಬಿಡೋಣ ಎಂದರೆ ಊರಿನಲ್ಲಿ ಎಳ್ಳೆಣ್ಣೆ ಇಲ್ಲ. ಅಂಗಡಿಗಳಿಗೆ ಬೀಗ. ಗಾಣದವನು ಎತ್ತು ಹೊಡೆದುಕೊಂಡು ದಾಮರಗಿದ್ದದ ಬೀಗರ ಮನೆಗೆ ಹೋಗಿದ್ದ. ನೆರೆಮನೆಯವರು ಶೇಂಗಾ ಎಣ್ಣೆ ಕೊಡುತ್ತೇವೆಂದರು. ಅಜ್ಜಿ ಒಪ್ಪಲಿಲ್ಲ. ಮಂತ್ರಾಲಯದ ರಾಯರ ಕಾಲದಲ್ಲಿ ಈ ಸೀಮೆಯಲ್ಲಿ ಶೇಂಗಾ ಇತ್ತೇನು ಎಂದು ಕೇಳಿದಳು. ಇತಿಹಾಸ ನನಗೆ ಅಷ್ಟು ಗೊತ್ತಿರಲಿಲ್ಲವಾದ್ದರಿಂದ ನೆರೆಮನೆಯವರಿಗೆ ಬೇಡವೆಂದು ಹೇಳಿಬಂದೆ.

ಅಲ್ಲಿಂದ ಮುಂದೆ ನನ್ನ ಮನೆಯಲ್ಲಿ ನಾನೇ ಕಳ್ಳನಾದೆ. ಕೋಣೆಯ ಮುಂದೆ ದಾಟುವಾಗ ಗೋಡೆಗೆ ಮುಖ ಮಾಡಿ ನಡೆಯುವುದು, ಕೂಸನ್ನು ಹೊರಗೆ ತಂದರೆ ತಲೆಯ ಮೇಲೆ ಪಂಚೆ ಎಳೆದುಕೊಳ್ಳುವುದು. ಕೂಸಿನ ಅಳು, ಬಿಕ್ಕಳಿಕೆ, ಆಕಳಿಕೆ ಎಲ್ಲ ನನಗೆ ಬಾಯಿಪಾಠವಾದವು, ಮುಖವೊಂದು ಬಿಟ್ಟು. ನೋಡಬೇಕೆಂಬ ಆಸೆ ಎಷ್ಟಿತ್ತೆಂದರೆ ಅನ್ನ ಸೇರುತ್ತಿರಲಿಲ್ಲ. ಪದ್ದಿಯ ಗಂಡನಂತೂ ಹೊಳೆ ಆಚೆ ಇದ್ದ, ಅವನಿಗೆ ಕಾರಣವಿತ್ತು. ನನಗೆ ಅಡ್ಡವಾಗಿದ್ದುದು ಒಂದು ಬಟ್ಟಲು ಎಣ್ಣೆ.

ಎರಡು ದಿನ ಹೀಗೇ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ, ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತು ಊಟವಾಯಿತೇ ಎಂದು ಕೇಳಿದಾಗ ಪದ್ದಿ ಒಳಗಿನಿಂದ ಹೇಳಿದಳು:

“ಅಣ್ಣಾ, ನೀ ಇನ್ನ ಎಣ್ಣಿ ಹುಡುಕಬ್ಯಾಡ. ನೋಡೋದಾದ್ರ ಹಂಗ ನೋಡು, ಇಲ್ಲಂದ್ರ ಬಿಡು. ನನ್ನ ಕೂಸು ಯಾರಿಗೂ ಕೇಡು ಬಯಸಿ ಹುಟ್ಟಿಲ್ಲ.”

ನಾನು ಗೋಡೆಯನ್ನು ನೋಡುತ್ತಲೇ ನಿಂತೆ. ವಾಚನಾಲಯದ ಭಾಷಣದ ಒಂದು ವಾಕ್ಯವೂ ನೆರವಿಗೆ ಬರಲಿಲ್ಲ. ಕತ್ತು ತಿರುಗಿಸಬೇಕೆಂದು ಮನಸ್ಸು ಹೇಳಿತು, ಕತ್ತು ಕೇಳಲಿಲ್ಲ. ಗಂಡ ಹತ್ತಿರವಿಲ್ಲದೆ ಹೆತ್ತ ಹುಡುಗಿ, ಅವಳು ಕೇಳಿದ್ದು ಇದೊಂದೇ. ನನಗೆ ನನ್ನ ಮೇಲೆ ಅಸಹ್ಯವಾಯಿತು. ಮುದುಕನ ಹಾಗೆ ಕಾಲೆಳೆಯುತ್ತ ಹಿತ್ತಿಲಿಗೆ ಹೋಗಿ ಕೂತೆ.

ಅದರ ಮರುದಿನವೇ ಆ ಸದ್ದಾದದ್ದು. ಅವ್ವ ಎಳೆಬಿಸಿಲು ಕಾಯಿಸಲು ಕೂಸನ್ನು ಅಂಗಳಕ್ಕೆ ತಂದಿದ್ದಳು, ನಾನು ಪದ್ಧತಿಯಂತೆ ಪಂಚೆಯೊಳಗಿದ್ದೆ. ಬೀದಿಯಲ್ಲಿ ಢಂ ಎಂದಿತು. ಹಿಂದೆಯೇ ಇನ್ನೊಂದು. ತುಪಾಕಿ ಎಂದು ಯಾರೋ ಕೂಗಿದರು. ಅವ್ವ ಕೂಸನ್ನು ನನ್ನ ಕೈಗೆ ತುರುಕಿ ಕಾಳಿನ ಕೋಣೆಗೆ ಓಡು ಎಂದವಳೇ ಪದ್ದಿಯನ್ನು ಎಬ್ಬಿಸಲು ಒಳಗೆ ಓಡಿದಳು. ನಾನು ಓಡಿದೆ. ಕೂಸನ್ನು ಎದೆಗೆ ಅವಚಿಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಓಡಿದೆ. ಹುಟ್ಟಿ ಬೆಳೆದ ಮನೆ, ದಾರಿ ಗೊತ್ತಿತ್ತು. ಕಾಳಿನ ಕೋಣೆಯ ಬಾಗಿಲು ಗಿಡ್ಡವೆಂಬುದು ಮಾತ್ರ ಮರೆತಿತ್ತು. ಮೇಲಿನ ಚೌಕಟ್ಟಿಗೆ ಹಣೆ ಬಡಿದ ರಭಸಕ್ಕೆ ಹೊಸ್ತಿಲ ಮೇಲೆ ದಪ್ಪನೆ ಕುಳಿತುಬಿಟ್ಟೆ.

ಅಷ್ಟು ಹೊತ್ತು ಕಿರುಚುತ್ತಿದ್ದ ಕೂಸು ಥಟ್ಟನೆ ಸುಮ್ಮನಾಯಿತು. ಆ ಸುಮ್ಮನಿರುವಿಕೆಗೆ ಹೆದರಿದಷ್ಟು ನಾನು ಯಾವ ತುಪಾಕಿಗೂ ಹೆದರಿರಲಿಲ್ಲ. ಗಂಡಾಂತರ, ಎಣ್ಣೆ, ಅಜ್ಜಿ ಯಾವುದೂ ನೆನಪಿಗೆ ಬರಲಿಲ್ಲ. ಕಣ್ಣು ತೆರೆದು ನೆಟ್ಟಗೆ ಅದರ ಮುಖ ನೋಡಿದೆ. ಏನೂ ಆಗಿರಲಿಲ್ಲ. ಹುಬ್ಬು ಗಂಟಿಕ್ಕಿ, ಥೇಟ್ ಅಜ್ಜಿಯ ಹಾಗೆ ನನ್ನನ್ನೇ ನೋಡುತ್ತಿತ್ತು. ನನ್ನ ಹಣೆಯ ರಕ್ತ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಅದು ಅದರ ಮೇಲೆ ಬೀಳದಂತೆ ಅಂಗೈ ಅಡ್ಡ ಹಿಡಿದು ನೋಡುತ್ತಲೇ ಇದ್ದೆ. ನನಗೆ ಅಳು ಬಂತು. ನೋವಿಗೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಸದ್ದು ಮಾಡಿದ್ದು ತುಪಾಕಿಯಲ್ಲ, ಕೆಟ್ಟು ನಿಂತಿದ್ದ ಒಂದು ಲಾರಿಯ ಹೊಗೆಕೊಳವೆ. ಅಜ್ಜಿ ಬಂದು ನನ್ನ ಹಣೆ ನೋಡಿ, ಭಯಪಡುವ ಬದಲು ತೃಪ್ತಿಪಟ್ಟಳು. ತಾನು ಹೇಳಿದ ಗಂಡಾಂತರ ಇದೇ, ಬಂದು ಹೋಯಿತು, ಇನ್ನು ಭಯವಿಲ್ಲ ಎಂದು ತೀರ್ಪು ಕೊಟ್ಟಳು.

ಗೋಡೆ ಹಿಡಿದುಕೊಂಡು ಬಂದಿದ್ದ ಪದ್ದಿ ಕೂಸನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಅಲ್ಲೇ ಪಕ್ಕದಲ್ಲಿ ಕೂತು ಹೇಳಿದಳು: “ಅದರ ಮಾರಿ ನೋಡಿದ್ದಕ್ಕ ಹಣಿ ಒಡೀಲಿಲ್ಲ ಅಜ್ಜಿ, ನೋಡಬಾರದಂತ ಕಣ್ಣು ಮುಚ್ಚಿದ್ದಕ್ಕ ಒಡೀತು.”

ಗಾಣದವನು ಕೆಲ ದಿನಗಳ ಮೇಲೆ ಊರಿಗೆ ಬಂದ. ಅವನು ತಂದುಕೊಟ್ಟ ಎಳ್ಳೆಣ್ಣೆಯನ್ನು ಅಜ್ಜಿ ನನ್ನ ಹಣೆಯ ಊತಕ್ಕೆ ಹಚ್ಚಿ ಮುಗಿಸಿದಳು.

ಗಾಯ ಮಾಯಿತು, ಗುರುತು ಉಳಿಯಿತು. ಈಗಲೂ ನಾರಾಯಣಪೇಟೆಯಲ್ಲೋ ಗದ್ವಾಲದಲ್ಲೋ ಹೊಸಬರು ಯಾರಾದರೂ ನನ್ನ ಹಣೆ ನೋಡಿ ಇದೇನೆಂದು ಕೇಳುತ್ತಾರೆ. ಪೊಲೀಸ್ ಆ್ಯಕ್ಷನ್ ಕಾಲದಲ್ಲಿ ಆದದ್ದು ಎನ್ನುತ್ತೇನೆ. ಸುಳ್ಳಲ್ಲವಲ್ಲ. ಅವರು ಕೂಡಲೇ ದನಿ ತಗ್ಗಿಸಿ, ಕುರ್ಚಿ ತಂದು ಹಾಕುತ್ತಾರೆ. ನಾನು ಕೂಡುತ್ತೇನೆ. ಒಬ್ಬರಂತೂ ಮೊನ್ನೆ, ಅಂದಿನ ನಮ್ಮ ಹೋರಾಟದ ಬಗ್ಗೆ ಹುಡುಗರಿಗೆ ನಾಲ್ಕು ಮಾತು ಹೇಳಬೇಕೆಂದು ಕೈಮುಗಿದರು. ನನ್ನ ಸೊಸೆ ಪಕ್ಕದಲ್ಲೇ ಇದ್ದಳು. ಅವಳಿಗೆ ಈಗ ಮೊಮ್ಮಕ್ಕಳಿದ್ದಾರೆ, ಮುಖ ಮಾತ್ರ ಇನ್ನೂ ನಮ್ಮ ಅಜ್ಜಿಯದೇ.

“ಹೌದ್ರೀ, ನಮ್ಮ ಮಾಮ ಭಾಳ ಹೋರಾಡ್ಯಾರ,” ಎಂದಳು. “ನನ್ನ ಕೂಡನ ಹೋರಾಡಿದ್ದು. ಆಗಿನ್ನೂ ನನ್ನ ತೊಟ್ಟಿಲಿಗೆ ಹಾಕಿರಲಿಲ್ಲ. ಸೋತದ್ದೂ ಅವರ.”

ಬಂದವರು ಕುರ್ಚಿಯನ್ನೂ ನನ್ನನ್ನೂ ಒಂದು ಕ್ಷಣ ನೋಡಿದರು. ಸೋತದ್ದು ನಿಜವಾದ್ದರಿಂದ ನಾನು ಎದ್ದು ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟೆ.