ಚೌಡಿಗೆ ಬಿಟ್ಟ ಬಾನೆಟ್

ಸಿಂಚನ, ಆದರ್ಶ, ನಿಮ್ಮ ದೊಡ್ಡಜ್ಜನಿಗೆ ಮದುವೆಯಾಗಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗಿದೆ, ಅಂಗಳದಲ್ಲಿರುವ ಆ ಮೂತಿ ಲಾರಿಯ ಜೊತೆ! ನಿಮ್ಮಪ್ಪನಿಗಿಂತ ಹಳೆಯ ಲಾರಿ ಅದು. ಹೊಸನಗರದ ಸುತ್ತಮುತ್ತ ಅಂಥ ಉದ್ದ ಮೂತಿಯದು ಇನ್ನೊಂದಿಲ್ಲ. ನನ್ನ ಗಂಡನ, ಅಂದರೆ ನಿಮ್ಮಜ್ಜನ, ಅಣ್ಣನಾದ್ದರಿಂದ ಅವರನ್ನು ನಾನು ಭಾವ ಎನ್ನುತ್ತೇನೆ. ಎದುರು ನಿಂತು ಮಾತಾಡಲು ಈಗಲೂ ಸಂಕೋಚ. ಬರೆಯಲು ಅಷ್ಟು ಹೆದರಿಕೆಯಿಲ್ಲ.

ರಿಪ್ಪನ್‌ಪೇಟೆಯಲ್ಲಿ ಅಕ್ಕಿ ಗಿರಣಿಯ ಹಿಂದೆ ನಿಂತಿದ್ದ ಇಂಥದೇ ಒಂದು ಲಾರಿಯ ಬಾನೆಟ್ಟನ್ನು ಯಾರೋ ಹೊತ್ತುಕೊಂಡು ಹೋದರು. ಇಂಜಿನ್ ಬಿಟ್ಟು ಅದರ ಮುಚ್ಚಳ ಕದಿಯುವುದೇ? ಹೌದು! ದೊಡ್ಡ ಊರಿನ ಶ್ರೀಮಂತರು ಹಳೆ ಗಾಡಿಗಳಿಗೆ ಬಣ್ಣ ಹೊಡೆಸಿ ಮೆರೆಸುತ್ತಾರಂತೆ, ಬಾನೆಟ್ ಮಾತ್ರ ಎಲ್ಲೂ ಸಿಗುವುದಿಲ್ಲವಂತೆ. ಸುದ್ದಿ ಕೇಳಿದ ಮರುದಿನವೇ ಭಾವ ಎತ್ತಿನ ಸರಪಳಿಯನ್ನು ಬಾನೆಟ್ಟಿಗೆ ಸುತ್ತಿ ಮೂರು ಬೀಗ ಜಡಿದರು. ತೀರ್ಥಹಳ್ಳಿ ಪೇಟೆಯಲ್ಲಿ ಅದನ್ನು ನೋಡಿದವನೊಬ್ಬ, "ಹಾಯ್ತದಾ ಗೌಡ್ರೇ ಇದು?" ಎಂದು ಕೇಳಿದನಂತೆ!

ಬೀಗಗಳನ್ನು ಮಿಷನ್ ಹಿಡಿದು ನಿಮಿಷದಲ್ಲಿ ಕತ್ತರಿಸುತ್ತಾರೆ ಎಂದು ಇನ್ಯಾರೋ ಹೇಳಿದರು. ಭಾವನ ಹೆದರಿಕೆ ಮತ್ತೆ ಹೆಚ್ಚಿತು. ಹಲಸಿನ ಹಣ್ಣು ಕಳುವಾಗದಿರಲೆಂದು ಮರಕ್ಕೆ ಬನದ ದೇವತೆ ಚೌಡಿಯ ಹೆಸರಲ್ಲಿ ಕಾಯಿ ಕಟ್ಟುವುದು ನಮ್ಮಲ್ಲಿ ಇದೆಯಲ್ಲ? ಭಾವ ಸರಪಳಿ ಬಿಚ್ಚಿ, ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ ಸುತ್ತಿ ಬಾನೆಟ್ಟಿನ ಮೂತಿಗೆ ಕಟ್ಟಿದರು. ಕೇರಿಗೆಲ್ಲ ಕೇಳುವಂತೆ ಕೂಗಿದರು: "ಅಮ್ಮಾ ಚೌಡೀ, ಇದಿನ್ನು ನಿಂದು. ಯಾರೇ ಆಗ್ಲಿ, ಇದನ್ನ ಎತ್ತಿದ್ರೆ ರಕ್ತ ಕಾರ್ಲಿ!"

ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಕಳ್ಳ ಬರಲಿಲ್ಲ. ಆದರೆ ಬೇರೆ ಯಾರೂ ಅದನ್ನು ಮುಟ್ಟಲೂ ಇಲ್ಲವಲ್ಲ! ಇಂಜಿನ್ ಎಣ್ಣೆ ನೋಡಲು ಸಾಗರದಿಂದ ಬಂದ ಮೆಕ್ಯಾನಿಕ್ ಕಾಯಿ ಕಂಡವನೇ ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡ.

"ನಾನು ಮಕ್ಳೊಂದಿಗ, ಗೌಡ್ರೇ. ನೀವೇ ಎತ್ತಿ, ದೂರದಿಂದ ನೋಡ್ತೀನಿ."

"ನಾನು ಎತ್ತದು ಹೆಂಗೆ ಮಾರಾಯ? ಯಾರೇ ಆಗ್ಲಿ ಅಂದ್ಬಿಟ್ಟಿದೀನಲ್ಲ!"

"'ನನ್ನೊಬ್ನ ಬಿಟ್ಟು' ಅನ್ನಕ್ಕೆ ಎಂತ ಆಗಿತ್ತು ನಿಮ್ಗೆ?"

ಅವನು ಸಾಗರಕ್ಕೆ ಹಿಂದಿರುಗಿದ. ಹರಕೆ ಬಿಡಿಸಲು ವರ್ಷಕ್ಕೊಮ್ಮೆ ಬರುವ ಚೌಡಿ ಪೂಜೆಯವರೆಗೆ ಕಾಯಬೇಕಿತ್ತು. ನೀರು ಹಾಕುವ ಮುಚ್ಚಳ ಹೊರಗೇ ಇದ್ದದ್ದರಿಂದ ಲಾರಿ ಹೇಗೋ ಓಡುತ್ತಿತ್ತು. ಬಾನೆಟ್ಟಿನೊಳಗೆ ಏನಾಗುತ್ತಿದೆ ಎಂದು ಮೂರು ತಿಂಗಳು ಯಾರೂ ನೋಡಲಿಲ್ಲ.

ಆಗಲೇ ಘಟ್ಟದ ಕೆಳಗಿನಿಂದ ಹೆಂಚು ತರಲು ಹೋದದ್ದು. ನೀವಿಬ್ಬರೂ ಹಟ ಮಾಡಿ ಹತ್ತಿದಿರಿ, ನಿಮ್ಮನ್ನು ಹಿಡಿದುಕೊಳ್ಳಲು ನಾನು. ನಿಮಗಾಗ ಐದು ವರ್ಷ, ಮೂರು ವರ್ಷ. ನೆನಪಿರಲಾರದು. ಬರುವಾಗ ಹೆಂಚಿನ ಭಾರಕ್ಕೆ ಲಾರಿ ನರಳುತ್ತ ಹುಲಿಕಲ್ ಘಾಟಿ ಹತ್ತುತ್ತಿತ್ತು. ಅರ್ಧ ದಾರಿಯಲ್ಲಿ ಬಾನೆಟ್ಟಿನ ಸಂದಿನಿಂದ ಹೊಗೆ ಬಂತು. ಮೊದಲು ಬಿಳಿ, ಆಮೇಲೆ ಕಪ್ಪು. ಭಾವ ಲಾರಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರು. ನಾನು ನಿಮ್ಮಿಬ್ಬರನ್ನು ಎಳೆದುಕೊಂಡು ಹೋಗಿ ದೂರದ ಮೋರಿಕಟ್ಟೆಯ ಮೇಲೆ ಕೂರಿಸಿ ಬಂದೆ. ತಿರುಗಿ ನೋಡಿದರೆ ಭಾವ ಬಾನೆಟ್ಟಿನ ಮುಂದೆ ಕೈಮುಗಿದು ನಡುಗುತ್ತಿದ್ದಾರೆ!

ಹೆದರಿಕೆಯಲ್ಲಿ ನನಗೆ ಚೌಡಿಯೂ ಮರೆತುಹೋದಳು. ನೀರಿನ ಕ್ಯಾನ್ ಹಿಡಿದು ಓಡಿ ಚಿಲಕಕ್ಕೆ ಕೈ ಹಾಕಿದೆ. ಬಾನೆಟ್ ಅರ್ಧ ಎತ್ತಿಯೂ ಆಯಿತು.

"ಬಿಡು! ಕೈ ತೆಗಿ ಮಾರಾಯ್ತಿ!" ಭಾವ ನನ್ನನ್ನು ಪಕ್ಕಕ್ಕೆ ದೂಡಿದರು. "ನಿಂಗೆ ಈ ಮಕ್ಳಿದಾವೆ. ನಂಗೆ ಯಾರಿದಾರೆ?"

ಕಣ್ಣು ಮುಚ್ಚಿಕೊಂಡು ಬಾನೆಟ್ ಎತ್ತಿಯೇಬಿಟ್ಟರು. ಒಳಗೆ ಇಲಿಗಳು ಒಣಹುಲ್ಲು ತಂದು ಗೂಡು ಕಟ್ಟಿದ್ದವು, ಅದು ಹೊತ್ತಿ ಉರಿಯುತ್ತಿತ್ತು. ಊರಲ್ಲಿ ಚೌಡಿಗೆ ಹೆದರದವು ಅವು ಮಾತ್ರ! ಇದ್ದ ನೀರೆಲ್ಲ ಸುರಿದಾಗ ಬೆಂಕಿ ಆರಿತು.

ಆಮೇಲೆ ಭಾವ ರಸ್ತೆ ಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು, ಸಾಯುವುದಕ್ಕೆ! ಒಮ್ಮೆ ಉಗಿದು, "ಕೆಂಪಿದ್ಯಾ ನೋಡು" ಎಂದರು. ಬಗ್ಗಿ ನೋಡಿದೆ. ಕೆಂಪಾಗಿಯೇ ಇತ್ತು.

"ಎಲೆಅಡಿಕೆ ಹಾಕಿದೀರಲ್ಲ ಭಾವ" ಎಂದೆ. ಅವರೆದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಮರುವಾರ ಚೌಡಿಗೆ ತಪ್ಪುಕಾಣಿಕೆ ಇಡಲೆಂದು ಬನಕ್ಕೆ ಹೋದೆ. ಭಾವ ನನಗಿಂತ ಮೊದಲೇ ಬಂದು ಚೌಡಿಯ ಕಲ್ಲಿನ ಮುಂದೆ ಕುಳಿತಿದ್ದರು. ನಾನು ಮರದ ಹಿಂದೆ ನಿಂತೆ.

"ಅಮ್ಮಾ, ಎತ್ತಿದ್ದು ನಾನೊಬ್ನೇ. ಆಕೆ ಮುಟ್ಟೂ ಇಲ್ಲ. ನಾ ಕಣ್ಣಾರೆ ನೋಡಿದೀನಿ. ಎಂತ ಮಾಡೋದಿದ್ರೂ ನಂಗೇ ಮಾಡು."

ಬಾನೆಟ್ ಎತ್ತಲು ಅಷ್ಟು ನಡುಗಿದ ಮನುಷ್ಯ ಆ ತಾಯಿಯ ಮುಖ ನೋಡಿಕೊಂಡೇ ನನಗಾಗಿ ಸುಳ್ಳು ಹೇಳುತ್ತಿದ್ದರು. ನಾನು ತಂದ ಬಾಳೆಹಣ್ಣು ಹಾಗೇ ಹಿಡಿದು ಹಿಂದಿರುಗಿದೆ. ಈಗಲೂ ಪ್ರತಿ ಮಂಗಳವಾರ ಅವರು ಹೋಗಿ ಅದನ್ನೇ ಹೇಳಿಬರುತ್ತಾರೆ.

ಮಕ್ಕಳೇ, ನಿಜ ಇರುವುದು ಈ ಹಾಳೆಗಳಲ್ಲಿ ಮಾತ್ರ. ಜೋಪಾನವಾಗಿ ಇಟ್ಟುಕೊಳ್ಳಿ. ಓದುವುದಾದರೆ ಮನಸ್ಸಿನಲ್ಲೇ ಓದಿಕೊಳ್ಳಿ, ಚೌಡಿಗೆ ಕೇಳಿಸಬಾರದು.